ಮೋಟಾರಿನ ಹಲ್ಲುಪಟ್ಟಿ: ಮನೆಯಂಗಳದಲ್ಲಿ ಬದಲಿಸುವ ಬಗೆ

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಸಾಹಿತ್ಯ, ನಾಡು ನುಡಿ, ಆರೋಗ್ಯ, ಉಳಿತಾಯ ಇಂತಹ ವಿಷಯಗಳ ಮೇಲೆ ಮಾತು ಕೇಳುವುದು ರೂಢಿ. ಇಂದು ಮೋಟಾರು ಗಾಡಿಯೊಳಗಿನ ಒಂದು ರಬ್ಬರ್ ಪಟ್ಟಿಯ ವಿಷಯವಾಗಿ ಮಾತಾಡಲು ನಾವು ಎದ್ದು ನಿಂತಿದ್ದೇವೆ. ನಾವು ಮಿಸ್ತ್ರಿಗಳಲ್ಲ, ಗಿರಣಿಯ ಕಚೇರಿಯಲ್ಲಿ ಹಾಜರಿ ಪಟ್ಟಿ ಬರೆಯುವವರು. ಆದರೂ ಈ ಇನ್ನೊಂದು ಪಟ್ಟಿಯ ಮಾತು ಆಡಬೇಕಾಗಿ ಬಂದಿದೆ. ಏಕೆಂದರೆ ಇಲ್ಲಿಗೆ ಪತ್ರಿಕೆ ಓದಲು ಬರುವವರಲ್ಲಿ ಅನೇಕರ ಅನ್ನ ಗಾಡಿಯ ಮೇಲೆ ನಡೆದಿದೆ. ಕೆಲವರು ಟ್ಯಾಕ್ಸಿ ಓಡಿಸುತ್ತಾರೆ, ಕೆಲವರು ಟೆಂಪೋ. ಇನ್ನು ಕೆಲವರು ಕೂಡಿಟ್ಟ ಹಣದಲ್ಲಿ ಹಳೆಯ ಕಾರೊಂದನ್ನು ಕೊಂಡು ಅದರಲ್ಲಿ ಸರಕು ತುಂಬಿಕೊಂಡು ಸಂತೆ ಸಂತೆಗೆ ಹೋಗುತ್ತಾರೆ. ಹೀಗೆ ಕೊಂಡ ಗಾಡಿಯನ್ನು ಒಂದು ಕ್ಷಣದಲ್ಲಿ ಕೆಡಿಸಬಲ್ಲದ್ದು ಈ ಪಟ್ಟಿ.

ಇಂಗ್ಲಿಷಿನವರು ಇದಕ್ಕೆ ಟೈಮಿಂಗ್ ಬೆಲ್ಟು ಎನ್ನುತ್ತಾರೆ. ಒಳಮೈಯಲ್ಲಿ ಹಲ್ಲುಗಳಿರುವುದರಿಂದ ನಾವು ಇದನ್ನು ಹಲ್ಲುಪಟ್ಟಿ ಎಂದು ಕರೆಯೋಣ.

ಇದರ ಕೆಲಸವೇನು? ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ದಂಡ, ಮೇಲೆ ಕ್ಯಾಮ್ ದಂಡ. ಪಿಸ್ಟನ್ನುಗಳು ಏರಿಳಿಯುತ್ತ ಕೆಳಗಿನ ದಂಡವನ್ನು ತಿರುಗಿಸುತ್ತವೆ. ಮೇಲಿನ ದಂಡವು ಕವಾಟಗಳನ್ನು, ಅಂದರೆ ವಾಲ್ವುಗಳನ್ನು, ತೆರೆಯಿಸಿ ಮುಚ್ಚಿಸುತ್ತದೆ. ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುವುದು, ಅದನ್ನು ಒತ್ತುವುದು, ಅದು ಉರಿದು ಪಿಸ್ಟನ್ನನ್ನು ತಳ್ಳುವುದು, ಹೊಗೆಯನ್ನು ಹೊರದೂಡುವುದು: ಈ ನಾಲ್ಕು ಕೆಲಸ ಮುಗಿಯಲು ಕೆಳಗಿನ ದಂಡ ಎರಡು ಸುತ್ತು ತಿರುಗಬೇಕು, ಮೇಲಿನ ದಂಡ ಒಂದೇ ಸುತ್ತು. ಈ ಎರಡಕ್ಕೊಂದರ ಲೆಕ್ಕ ಎಂದೂ ತಪ್ಪದಂತೆ ಎರಡು ದಂಡಗಳನ್ನೂ ಕಟ್ಟಿಹಾಕಿರುವುದೇ ಹಲ್ಲುಪಟ್ಟಿ.

ಮಗ್ಗದ ಶೆಡ್ಡಿನಲ್ಲಿ ದುಡಿಯುವ ಬಂಧುಗಳಿಗೆ ಇದು ಹೊಸ ಮಾತಲ್ಲ. ಭಿವಂಡಿ, ಇಚಲಕರಂಜಿಗಳಲ್ಲಿ ನೀವು ನೋಡುವ ಸಾಮಾನ್ಯ ಯಂತ್ರಮಗ್ಗದಲ್ಲೂ ಮೇಲಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಾಗ ಕೆಳಗಿನ ದಂಡ ಒಂದೇ ಸುತ್ತು. ಹಾಸಿನ ಎಳೆಗಳು ಬಾಯಿ ತೆರೆದಾಗಲೇ ಲಾಳಿ ಹೋಗಬೇಕು. ಲಾಳಿ ದಾಟಿದ ಮೇಲೆಯೇ ಹಣಿಗೆ ಬಂದು ಬಡಿಯಬೇಕು. ಲಾಳಿ ನಡುವೆ ಇರುವಾಗಲೇ ಹಣಿಗೆ ಮುಂದೆ ಬಂದರೆ ಏನಾಗುತ್ತದೆಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ನೂರಾರು ಎಳೆ ಹರಿದು ಆ ದಿನದ ಮಜೂರಿ ಮುಳುಗುತ್ತದೆ.

ಕಾರಿನಲ್ಲೂ ಹೀಗೆಯೇ. ಹಲ್ಲುಪಟ್ಟಿ ಹರಿದ ಕೂಡಲೇ ಮೇಲಿನ ದಂಡ ನಿಂತುಬಿಡುತ್ತದೆ, ಕೆಲವು ಕವಾಟಗಳು ತೆರೆದ ಬಾಯಿಯಲ್ಲೇ ಉಳಿಯುತ್ತವೆ. ಕೆಳಗಿನ ದಂಡ ಮಾತ್ರ ಓಟದ ಭರದಲ್ಲಿ ಇನ್ನೂ ತಿರುಗುತ್ತಿರುತ್ತದೆ. ಎಂಜಿನ್ನುಗಳಲ್ಲಿ ಎರಡು ಜಾತಿ. ಒಂದರಲ್ಲಿ ಕವಾಟ ಪೂರ್ತಿ ತೆರೆದಿದ್ದರೂ ಪಿಸ್ಟನ್ನಿಗೆ ತಾಗದಷ್ಟು ಎಡೆ ಇರುತ್ತದೆ; ಅಲ್ಲಿ ಗಾಡಿ ನಿಲ್ಲುತ್ತದೆ, ಅಷ್ಟೆ. ಇನ್ನೊಂದರಲ್ಲಿ ಆ ಎಡೆಯಿಲ್ಲ. ಮೇಲೆ ಬಂದ ಪಿಸ್ಟನ್ನು ತೆರೆದ ಕವಾಟಕ್ಕೆ ಬಡಿದು ಅದನ್ನು ಬಗ್ಗಿಸುತ್ತದೆ. ಆಮೇಲೆ ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕು. ಡೀಸೆಲ್ ಎಂಜಿನ್ನುಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಯವು. ನಿಮ್ಮ ಗಾಡಿ ಮೊದಲನೆಯ ಜಾತಿಯದೆಂದು ಅದರ ಕೈಪಿಡಿ ಸ್ಪಷ್ಟವಾಗಿ ಹೇಳುವವರೆಗೂ ಎರಡನೆಯ ಜಾತಿಯದೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ.

ಎಲ್ಲ ಗಾಡಿಗಳಲ್ಲೂ ಈ ಪಟ್ಟಿ ಇರುವುದಿಲ್ಲ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯೆಂದು ಎಲ್ಲರಿಗೂ ಪರಿಚಿತವಾಗಿದ್ದು ೨೦೨೩ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದ ಪ್ರೀಮಿಯರ್ ಪದ್ಮಿನಿಯಲ್ಲಿ ಇದ್ದುದು ಉಕ್ಕಿನ ಸರಪಳಿ. ಹಳೆಯ ಅಂಬಾಸಡರಿನಲ್ಲೂ ಸರಪಳಿಯೇ. ೧೯೮೩ರ ಡಿಸೆಂಬರಿನಲ್ಲಿ ಗುರುಗ್ರಾಮದ ಕಾರ್ಖಾನೆಯಿಂದ ಬಂದ ಮಾರುತಿ ೮೦೦ರಲ್ಲಿ, ಅದೇ ಎಂಜಿನ್ನಿನ ಓಮ್ನಿಯಲ್ಲಿ, ಹಳೆಯ ಸ್ಯಾಂಟ್ರೋದಲ್ಲಿ, ಟ್ಯಾಕ್ಸಿಯಾಗಿ ದುಡಿದ ಇಂಡಿಕಾ ಡೀಸೆಲಿನಲ್ಲಿ ಹಲ್ಲುಪಟ್ಟಿ ಉಂಟು. ಮಾರುತಿ ೮೦೦ರ ತಯಾರಿಕೆ ೨೦೧೪ರ ಜನವರಿಯಲ್ಲಿ ನಿಂತಿತು. ಹಾಗಾಗಿ ಇಂದು ಕೈಬದಲಾಗುವ ಅಂತಹ ಗಾಡಿಗಳೆಲ್ಲ ಹಳೆಯವೇ. ಕೊಳ್ಳುವವರು ನಮ್ಮಂಥವರೇ. ಆದುದರಿಂದಲೇ ಈ ಮಾತು.

ಈ ಪಟ್ಟಿಯ ಹುಟ್ಟಿನ ಕಥೆಯೂ ಬಟ್ಟೆಯ ಲೋಕದ್ದೇ ಎಂದು ತಿಳಿದಾಗ ನಮಗೆ ಸಂತೋಷವಾಯಿತು. ೧೯೪೦ರ ದಶಕದಲ್ಲಿ ಅಮೆರಿಕದ ಯುನೈಟೆಡ್ ಸ್ಟೇಟ್ಸ್ ರಬ್ಬರ್ ಕಂಪೆನಿಯ ರಿಚರ್ಡ್ ಕೇಸ್ ಎಂಬವರು ಇಂತಹ ಹಲ್ಲಿನ ಪಟ್ಟಿಯನ್ನು ರೂಪಿಸಿದ್ದು ಸಿಂಗರ್ ಹೊಲಿಗೆ ಯಂತ್ರಕ್ಕಾಗಿ. ಮೇಲಿನ ಸೂಜಿಯೂ ಕೆಳಗಿನ ದಾರದ ಗಾಲಿಯೂ ಹೊಂದಿಕೊಂಡು ನಡೆಯಬೇಕಾಗಿತ್ತು. ಹಲ್ಲಿಲ್ಲದ ಪಟ್ಟಿ ಜಾರುತ್ತಿತ್ತು. ಅದನ್ನೇ ಮೋಟಾರಿಗೆ ಅಳವಡಿಸಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಮೊದಲ ಕಾರು, ಜರ್ಮನಿಯ ಬವೇರಿಯಾ ಸೀಮೆಯ ಗ್ಲಾಸ್ ೧೦೦೪; ಅದು ೧೯೬೨ರಲ್ಲಿ. ಸರಪಳಿಗಿಂತ ಇದು ಅಗ್ಗ, ಹಗುರ, ಸದ್ದು ಕಡಿಮೆ, ಎಣ್ಣೆಯೂ ಬೇಡ. ಒಳಗೆ ಎಳೆತವನ್ನು ತಡೆಯುವುದು ಗಾಜಿನ ನೂಲು, ಹಲ್ಲುಗಳ ಮೈಮೇಲೆ ನೈಲಾನ್ ಬಟ್ಟೆ, ನಡುವೆ ರಬ್ಬರು. ಅರ್ಧ ನಮ್ಮ ಗಿರಣಿಯ ಮಾಲೇ ಎಂದರೂ ತಪ್ಪಿಲ್ಲ.

ಆದರೆ ನೂಲು ಸವೆಯುತ್ತದೆ, ರಬ್ಬರು ಒಣಗುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ ೬೦ ಕಿಲೋಮೀಟರ್ ಓಟದಲ್ಲಿ ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವುದೆಂದು ಹಿಡಿದರೆ, ಒಂದು ಕಿಲೋಮೀಟರಿಗೆ ೩,೦೦೦ ಸುತ್ತು. ೬೦,೦೦೦ ಕಿಲೋಮೀಟರಿಗೆ ೧೮ ಕೋಟಿ ಸುತ್ತು. ಅಷ್ಟೂ ಸುತ್ತಿನಲ್ಲಿ ಒಂದು ಹಲ್ಲೂ ಜಾರಬಾರದು! ಆದುದರಿಂದಲೇ ತಯಾರಕರು ಒಂದು ಮಿತಿ ಹಾಕುತ್ತಾರೆ. ಸಾಮಾನ್ಯವಾಗಿ ಅದು ೬೦,೦೦೦ದಿಂದ ಒಂದು ಲಕ್ಷ ಕಿಲೋಮೀಟರಿನ ಒಳಗೆ. ಗಾಡಿ ಹೆಚ್ಚು ಓಡದಿದ್ದರೂ ಇಷ್ಟು ವರ್ಷಕ್ಕೆ ಎಂಬ ಮಿತಿ ಬೇರೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ನಿಮಗೆ ಪ್ರಮಾಣ. ಹರಿಯುವ ಮೊದಲು ಈ ಪಟ್ಟಿ ಕಿರುಗುಟ್ಟಿ ಎಚ್ಚರಿಸುತ್ತದೆಂದು ನಂಬಬೇಡಿರಿ. ಬಹಳ ಸಲ ಯಾವ ಸೂಚನೆಯೂ ಇರುವುದಿಲ್ಲ.

ನಮ್ಮ ವಾಚನಾಲಯದ ಸದಸ್ಯರೊಬ್ಬರು ಬಾಡಿಗೆ ಗಾಡಿ ಓಡಿಸುತ್ತಾರೆ. ಒಂದು ಗ್ಯಾರೇಜಿನಲ್ಲಿ ಪಟ್ಟಿ ಬದಲಿಸಲು ಹಣ ಕೊಟ್ಟು, ಬಿಲ್ಲು ಪಡೆದು, ನೆಮ್ಮದಿಯಿಂದ ಇದ್ದರು. ಕೆಲವೇ ತಿಂಗಳಲ್ಲಿ ಘಾಟಿನ ಏರಿನಲ್ಲಿ ಗಾಡಿ ನಿಂತಿತು. ಬೇರೆ ಕಡೆ ಬಿಚ್ಚಿಸಿ ನೋಡಿದರೆ ಒಳಗೆ ಇದ್ದುದು ವರ್ಷಗಳ ಹಳೆಯ ಪಟ್ಟಿ. ಕವಾಟಗಳು ಬಗ್ಗಿದ್ದವು. ಮೂರು ವಾರ ದುಡಿಮೆಯಿಲ್ಲ. ಊರಿಗೆ ಕಳಿಸಬೇಕಾದ ಹಣ ಆ ತಿಂಗಳು ಹೋಗಲಿಲ್ಲ. ಇದರಿಂದ ಮಿಸ್ತ್ರಿಗಳೆಲ್ಲ ಹಾಗೆಯೇ ಎಂದು ಯಾರೂ ತಿಳಿಯಬಾರದು. ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದು ಎಣ್ಣೆ ಮಸಿಯಲ್ಲಿ ದುಡಿಯುವವರೇ. ಆದರೆ ಗ್ಯಾರೇಜಿಗೆ ಹೋಗುವವರು ಎರಡು ಮಾತು ನೆನಪಿಡಬೇಕು: ಬಿಚ್ಚಿದ ಹಳೆಯ ಪಟ್ಟಿಯನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಕಿಲೋಮೀಟರಿನ ಅಂಕಿ ಬರೆಯಿಸಿಕೊಳ್ಳಿರಿ.

ಈ ಸಂಗತಿ ಕೇಳಿದ ಇನ್ನೊಬ್ಬ ಸದಸ್ಯರು ನಮ್ಮ ಬಳಿ ಬಂದರು. ಅವರು ಹಳೆಯ ಮಾರುತಿ ೮೦೦ರಲ್ಲಿ ಇಳಕಲ್ ಸೀರೆಗಳನ್ನು ತುಂಬಿಕೊಂಡು ಕನ್ನಡಿಗರ ಮನೆಮನೆಗೆ ಹೋಗಿ ಮಾರುವವರು. ಗಾಡಿ ಮಾರಿದವನು "ಪಟ್ಟಿ ಹೊಸದು" ಎಂದು ಬಾಯಲ್ಲಿ ಹೇಳಿದ್ದ; ಕಾಗದ ಒಂದೂ ಇರಲಿಲ್ಲ. ದೀಪಾವಳಿಗೆ ಮೂರು ವಾರ ಉಳಿದಿತ್ತು. ನಾವು ನಾಲ್ವರು ಸೇರಿ ಒಂದು ಭಾನುವಾರ ಅವರ ಮನೆಯ ಅಂಗಳದಲ್ಲಿ ಆ ಕೆಲಸ ಮಾಡಿದೆವು. ನಮ್ಮಲ್ಲಿ ಒಬ್ಬರು ಗಿರಣಿಯ ಫಿಟ್ಟರು. ಹತ್ತು ವರ್ಷ ಯಂತ್ರ ಬಿಚ್ಚಿ ಕಟ್ಟಿದ ಕೈ. ಉಳಿದವರು ಕಾಗದದ ಜನ. ಮಾಡಿದ ಕ್ರಮವನ್ನು ಹೇಳುತ್ತೇವೆ.

ಮೊದಲನೆಯದಾಗಿ, ಆ ಗಾಡಿಯ ದುರಸ್ತಿ ಕೈಪಿಡಿಯ ಸಂಬಂಧಪಟ್ಟ ಪುಟಗಳನ್ನು ತಂದು, ಒಂದೊಂದು ಹೆಜ್ಜೆಯನ್ನೂ ಕನ್ನಡದಲ್ಲಿ ಬರೆದು, ಅಂಕೆ ಹಾಕಿದೆವು. ಕೆಲಸದ ಹೊತ್ತಿನಲ್ಲಿ ಒಬ್ಬರು ಓದುವುದು, ಒಬ್ಬರು ಮಾಡುವುದು, ಒಬ್ಬರು ನೋಡಿ ಗುರುತು ಹಾಕುವುದು. ಲೆಕ್ಕದ ಪುಸ್ತಕ ತಾಳೆ ನೋಡುವ ಪದ್ಧತಿಯೇ ಇದು. ಗುಮಾಸ್ತರ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು.

ಎರಡನೆಯದಾಗಿ, ಸಾಮಾನು. ಹೊಸ ಪಟ್ಟಿ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಗಾಲಿ, ಅದರ ಸ್ಪ್ರಿಂಗು. ಬಿಲ್ಲು ಸಹಿತ ಕೊಳ್ಳಿರಿ. ಹಳೆಯದರ ಪಕ್ಕಕ್ಕಿಟ್ಟು ಅಗಲ ನೋಡಿ, ಹಲ್ಲುಗಳನ್ನು ಎಣಿಸಿ ಹೊಂದಿಸಿರಿ. ಹೊಸ ಪಟ್ಟಿಯನ್ನು ಮಡಿಸಬಾರದು, ತಿರುಚಬಾರದು. ಒಳಗಿನ ಗಾಜಿನ ನೂಲು ಮುರಿಯುತ್ತದೆ. ನೀರಿನ ಪಂಪು ಕೂಡ ಇದೇ ಪಟ್ಟಿಯಿಂದ ತಿರುಗುವ ಗಾಡಿಗಳಲ್ಲಿ ಪಂಪನ್ನೂ ಜೊತೆಗೇ ಬದಲಿಸುವುದು ಮೇಲು. ಇಲ್ಲವಾದರೆ ನಾಳೆ ಪಂಪು ಸೋರಿದಾಗ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಮಾರುತಿ ೮೦೦ರಲ್ಲಿ ಪಂಪನ್ನು ತಿರುಗಿಸುವುದು ಹೊರಗಿನ ಫ್ಯಾನ್ ಬೆಲ್ಟು.

ಮೂರನೆಯದಾಗಿ, ಜೀವದ ಕ್ಷೇಮ. ಗಾಡಿ ಸಮನೆಲದ ಮೇಲಿರಲಿ, ಎಂಜಿನ್ನು ತಣ್ಣಗಿರಲಿ, ಹಿಂದಿನ ಚಕ್ರಗಳಿಗೆ ಅಡ್ಡಕಟ್ಟಿಗೆ ಕೊಡಿರಿ. ಬ್ಯಾಟರಿಯ ಋಣ ತಂತಿಯನ್ನು ತೆಗೆದಿಡಿರಿ; ಚಾವಿ ಕೆಲಸ ಮಾಡುವವನ ಜೇಬಿನಲ್ಲಿರಲಿ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಕಬ್ಬಿಣದ ಸ್ಟ್ಯಾಂಡು ಬೇಕು. ಇಟ್ಟಿಗೆ ಒಮ್ಮೆಗೇ ಪುಡಿಯಾಗುತ್ತದೆ, ಅದನ್ನು ನೆಚ್ಚಬೇಡಿರಿ. ಸಡಿಲ ತೋಳು, ಲುಂಗಿ, ಕೊರಳಿನ ವಸ್ತ್ರ ಬೇಡ. ಗಿರಣಿಯ ನಿಯಮ ಅಂಗಳಕ್ಕೂ ನಿಯಮವೇ. ಮಕ್ಕಳನ್ನು ದೂರ ಇಡಿರಿ.

ಇನ್ನು ಕೆಲಸ. ಪಟ್ಟಿ ಇರುವ ಕಡೆಯ ಮುಂಚಕ್ರ ತೆಗೆದು, ಫ್ಯಾನ್ ಬೆಲ್ಟು ಸಡಿಲಿಸಿ ಕಳಚಿ, ಅಡ್ಡ ಬರುವ ಪುಲಿಗಳನ್ನು ತೆಗೆದು, ಹಲ್ಲುಪಟ್ಟಿಯ ಮುಚ್ಚಳ ಬಿಚ್ಚಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದರೆ ಎಂಜಿನ್ನು ಕೈಯಿಂದ ಸುಲಭವಾಗಿ ತಿರುಗುತ್ತದೆ. ಯಾವ ತಂತಿ ಎಲ್ಲಿಯದೆಂದು ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿರಿ.

ಆಮೇಲೆ ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ನು ಸಹಜವಾಗಿ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಬೇಕು. ಮೇಲಿನ ಹಲ್ಲುಗಾಲಿಯ ಮೇಲೊಂದು ಗುರುತಿದೆ. ಅದು ಹಿಂಬದಿಯ ತಗಡಿನ ಗುರುತಿಗೆ ಎದುರಾಗಬೇಕು. ಕೆಳಗಿನ ಹಲ್ಲುಗಾಲಿಯ ಚುಕ್ಕೆ ಎಣ್ಣೆ ಪಂಪಿನ ಮೈಮೇಲಿನ ಬಾಣಕ್ಕೆ ಎದುರಾಗಬೇಕು. ಎರಡೂ ಏಕಕಾಲಕ್ಕೆ ಕೂಡಿದಾಗ ನಿಲ್ಲಿಸಿರಿ. ಅದರ ಮೇಲೆ ನಿಮ್ಮದೇ ಬಿಳಿ ಬಣ್ಣದ ಗುರುತು ಹಾಕಿ, ಚಿತ್ರ ತೆಗೆದುಕೊಳ್ಳಿರಿ. ಈಗ ಟೆನ್ಷನರ್ ಸಡಿಲಿಸಿ ಹಳೆಯ ಪಟ್ಟಿಯನ್ನು ಕಳಚಬಹುದು. ಪಟ್ಟಿ ಇಲ್ಲದಿರುವಾಗ ಮೇಲಿನ ದಂಡವನ್ನಾಗಲಿ ಕೆಳಗಿನ ದಂಡವನ್ನಾಗಲಿ ತಿರುಗಿಸಕೂಡದು.

ನಾವು ಕಳಚಿದ ಪಟ್ಟಿಯನ್ನು ನೋಡಿ ಯಾರೂ ಮಾತಾಡಲಿಲ್ಲ. ಬೆನ್ನಿನ ಮೇಲೆಲ್ಲ ಬಿರುಕು. ಹಲ್ಲುಗಳ ಮೇಲಿನ ಬಟ್ಟೆ ಹಲವು ಕಡೆ ಎದ್ದುಹೋಗಿತ್ತು. ಅದಕ್ಕಿಂತ ಮುಖ್ಯವಾಗಿ, ಕೆಳಗಿನ ಹಲ್ಲುಗಾಲಿಯ ಹಿಂದೆ ಎಣ್ಣೆಯ ಪಸೆ ಕಂಡಿತು. ದಂಡದ ಎಣ್ಣೆ ಸೀಲು ಸೋರುತ್ತಿತ್ತು.

ಇಲ್ಲಿ ನಮ್ಮೊಳಗೆ ವಾದವಾಯಿತು. ಸೀರೆಯ ಸದಸ್ಯರು, "ಹೊಸ ಪಟ್ಟಿ ಹಾಕಿ ಮುಚ್ಚಿಬಿಡೋಣ ಸ್ವಾಮಿ, ಹಬ್ಬ ಮುಗಿಯಲಿ, ಆಮೇಲೆ ಸೀಲು ನೋಡೋಣ. ಈ ಮೂರು ವಾರದ ವ್ಯಾಪಾರವೇ ನನ್ನ ವರ್ಷದ ಅರ್ಧ" ಎಂದರು. ಅವರ ಸಂಕಟ ಸುಳ್ಳಲ್ಲ. ಮಗಳ ಕಾಲೇಜಿನ ಶುಲ್ಕ ಕಟ್ಟುವುದು ಬಾಕಿಯಿತ್ತು. ಫಿಟ್ಟರು ಒಪ್ಪಲಿಲ್ಲ. "ಅಣ್ಣಾ, ಎಣ್ಣೆ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಹೊಸ ಪಟ್ಟಿಯ ಆಯುಷ್ಯ ನಾವೇ ಕಳೆದಂತೆ. ಸೀಲು ಕೂರಿಸುವ ಉಪಕರಣ ನಮ್ಮಲ್ಲಿಲ್ಲ. ಸೊಟ್ಟ ಕೂತರೆ ಇನ್ನೂ ಸೋರುತ್ತದೆ. ಬಲ್ಲವರನ್ನು ಕರೆಯೋಣ" ಎಂದರು. ಒಂದು ಗಂಟೆ ಹೀಗೆಯೇ ಹೋಯಿತು. ಕೊನೆಗೆ ಗಾಡಿಯನ್ನು ಹಾಗೆಯೇ ಸ್ಟ್ಯಾಂಡಿನ ಮೇಲೆ ಬಿಟ್ಟು, ಗಲ್ಲಿಯ ಮಿಸ್ತ್ರಿಯೊಬ್ಬರನ್ನು ಕೇಳಿಕೊಂಡೆವು. ಅವರು ಮರುದಿನ ಕೆಲಸ ಮುಗಿಸಿ ರಾತ್ರಿ ಬಂದು, ಹೊಸ ಸೀಲು ಕೂರಿಸಿ, ನಮ್ಮ ಗುರುತುಗಳನ್ನೂ ದೀಪ ಹಿಡಿದು ನೋಡಿ ಒಪ್ಪಿದರು. ಅವರ ಮಜೂರಿಯನ್ನು ಕೊಟ್ಟೆವು. ಸೀರೆಯವರಿಗೆ ಎರಡು ದಿನದ ವ್ಯಾಪಾರ ತಪ್ಪಿತು. ಆ ಎರಡು ದಿನ ಸೀರೆಯ ಗಂಟುಗಳನ್ನು ಅವರು ಲೋಕಲ್ ರೈಲಿನಲ್ಲಿ ಹೊತ್ತರು. ಒಂದು ಸಂಜೆ ನಮ್ಮಲ್ಲಿ ಇಬ್ಬರು ಜೊತೆಗೆ ಹೋಗಿ ಹೊರೆ ಹಂಚಿಕೊಂಡೆವು.

ಹೊಸ ಪಟ್ಟಿ ಹಾಕುವ ಕ್ರಮವೂ ಸರಳವೇ. ಪಟ್ಟಿಯ ಮೇಲೆ ಬಾಣವಿದ್ದರೆ ಅದು ತಿರುಗುವ ದಿಕ್ಕಿಗಿರಲಿ. ಕೆಳಗಿನ ಹಲ್ಲುಗಾಲಿಯಿಂದ ಆರಂಭಿಸಿ, ಟೆನ್ಷನರ್ ಇಲ್ಲದ ಮಗ್ಗುಲನ್ನು ನೇರವಾಗಿ ಬಿಗಿಯಾಗಿ ಎಳೆದು, ಮೇಲಿನ ಹಲ್ಲುಗಾಲಿಗೆ ಹಾಯಿಸಿ, ಸಡಿಲವೆಲ್ಲ ಟೆನ್ಷನರಿನ ಕಡೆ ಬರುವಂತೆ ಮಾಡಬೇಕು. ಸ್ಕ್ರೂ ಡ್ರೈವರಿನಿಂದ ಮೀಟಿ ಹಾಕಬಾರದು, ಕೈಯಿಂದಲೇ ಕೂರಬೇಕು. ಟೆನ್ಷನರಿನ ಸ್ಪ್ರಿಂಗು ತಾನೇ ಎಳೆಯುವಂತೆ ಬಿಟ್ಟು, ಪಾನಾದಿಂದ ಎಂಜಿನ್ನನ್ನು ಪೂರಾ ಎರಡು ಸುತ್ತು ತಿರುಗಿಸಿರಿ. ಎರಡೇ ಏಕೆ? ಮೇಲಿನ ದಂಡ ಒಂದು ಪೂರ್ಣ ಸುತ್ತು ಮುಗಿಸಿ ಗುರುತಿಗೆ ಮರಳಬೇಕಾದರೆ ಕೆಳಗಿನದು ಎರಡು ಸುತ್ತು ಹೋಗಬೇಕಲ್ಲವೇ! ಬಳಿಕ ಟೆನ್ಷನರಿನ ಬೋಲ್ಟನ್ನು ಕೈಪಿಡಿ ಹೇಳಿದ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿಯಿರಿ. ಎರಡೂ ಗುರುತು ಕೂದಲೆಳೆಯಷ್ಟು ಸರಿಯಾಗಿ ಕೂಡಿವೆಯೇ ಎಂದು ಒಬ್ಬರಲ್ಲ, ಇಬ್ಬರು ನೋಡಿರಿ. ಒಂದು ಹಲ್ಲು ಆಚೀಚೆಯಾಗಿದ್ದರೂ ಕಳಚಿ ಮತ್ತೆ ಹಾಕಬೇಕು. ಕೈಯಿಂದ ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿರಿ, ಬಲ ಹಾಕಬೇಡಿರಿ. ಇದಕ್ಕೆಂದೇ ಸ್ಟಾರ್ಟರನ್ನು ಬಳಸಕೂಡದು, ಕೈಯಿಂದಲೇ ತಿರುಗಿಸಬೇಕು: ಕೈಗೆ ತಡೆ ತಿಳಿಯುತ್ತದೆ, ಸ್ಟಾರ್ಟರಿಗೆ ತಿಳಿಯದು.

ಎಲ್ಲವನ್ನೂ ಮೊದಲಿನಂತೆ ಕಟ್ಟಿದ ಮೇಲೆ, ತಾರೀಖು ಮತ್ತು ಕಿಲೋಮೀಟರಿನ ಅಂಕಿ ಬರೆದ ಚೀಟಿಯನ್ನು ಬಾನೆಟ್ಟಿನ ಒಳಗೆ ಅಂಟಿಸಿರಿ. ಹಳೆಯ ಎಣ್ಣೆ, ಒರೆಸಿದ ಚಿಂದಿಗಳನ್ನು ಚರಂಡಿಗೆ ಹಾಕಬೇಡಿರಿ. ಸಾರ್ವಜನಿಕ ರಸ್ತೆಯಲ್ಲಿ ಈ ಕೆಲಸ ಮಾಡಬೇಡಿರಿ; ಸೊಸೈಟಿಯ ಅಂಗಳವಾದರೆ ಅನುಮತಿ ಕೇಳಿಕೊಳ್ಳಿರಿ.

ಆ ಮಂಗಳವಾರ ರಾತ್ರಿ ಚಾವಿ ತಿರುಗಿಸಿದಾಗ ಎಂಜಿನ್ನು ಮೊದಲ ಸಲಕ್ಕೇ ಹಿಡಿಯಿತು. ಬುಧವಾರದಿಂದ ಸೀರೆಗಳು ಹೊರಟವು. ಹಬ್ಬದ ವ್ಯಾಪಾರ ನಡೆಯಿತು. ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಿದರು.

ಈ ಕೆಲಸವನ್ನು ಎಲ್ಲರೂ ಮನೆಯಲ್ಲೇ ಮಾಡಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಕಬ್ಬಿಣದ ಕೆಲಸ ಬಲ್ಲವರೊಬ್ಬರೂ ಜೊತೆಯಲ್ಲಿ ಇಲ್ಲದಿದ್ದರೆ ಬೇಡ. ಇಂಧನದ ಪಂಪನ್ನೂ ಇದೇ ಪಟ್ಟಿ ತಿರುಗಿಸುವ ಡೀಸೆಲ್ ಗಾಡಿಗಳನ್ನೂ, ಮೇಲೆ ಎರಡು ಕ್ಯಾಮ್ ದಂಡಗಳಿರುವ ಎಂಜಿನ್ನುಗಳನ್ನೂ ಅನುಭವಿಗಳಿಗೇ ಬಿಡಿರಿ. ಅವಕ್ಕೆ ದಂಡಗಳನ್ನು ಕದಲದಂತೆ ಹಿಡಿಯುವ ವಿಶೇಷ ಉಪಕರಣಗಳು ಬೇಕಾಗುತ್ತವೆ. ಆದರೆ ತಾನು ಮಾಡದಿದ್ದರೂ ಏನು ನಡೆಯಬೇಕೆಂದು ತಿಳಿದವನನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ನಮ್ಮ ಜನ ಭಾಷೆ ಬಾರದ ಊರಿನಲ್ಲಿ ಬಹಳ ಸಲ ಕೇಳಲು ಸಂಕೋಚಪಟ್ಟು ಹಣ ಕೊಟ್ಟು ಬರುತ್ತಾರೆ. ಅವರಿಗಾಗಿಯೇ ಇಷ್ಟು ವಿವರವಾಗಿ ಹೇಳಿದೆವು.

ನಾವು ಕನ್ನಡದಲ್ಲಿ ಬರೆದಿಟ್ಟ ಹೆಜ್ಜೆಗಳ ಪಟ್ಟಿಯನ್ನು ವಾಚನಾಲಯದ ಮೇಜಿನ ಮೇಲಿಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಟಾರ್ಕ್ ಪಾನಾ ಒಂದನ್ನೂ ಕಬ್ಬಿಣದ ಸ್ಟ್ಯಾಂಡಿನ ಜೋಡಿಯೊಂದನ್ನೂ ವಂತಿಗೆ ಎತ್ತಿ ಕೊಂಡಿದ್ದೇವೆ; ಪುಸ್ತಕದಂತೆಯೇ ಹೆಸರು ಬರೆಯಿಸಿ ಒಂದು ವಾರಕ್ಕೆ ಒಯ್ಯಬಹುದು, ಒರೆಸಿ ತಂದುಕೊಡಬೇಕು. ಹಳೆಯ ಗಾಡಿ ಇಟ್ಟುಕೊಂಡ ಬಂಧುಗಳು ಇಂದು ಮನೆಗೆ ಹೋದ ಕೂಡಲೇ ಮೀಟರಿನ ಅಂಕಿಯನ್ನೂ, ಕೊನೆಯ ಸಲ ಪಟ್ಟಿ ಬದಲಿಸಿದ ಬಿಲ್ಲನ್ನೂ ಒಮ್ಮೆ ನೋಡಬೇಕೆಂದು ಪ್ರಾರ್ಥಿಸುತ್ತೇವೆ. ಬಿಲ್ಲು ಸಿಗದಿದ್ದರೆ ಮುಂದಿನ ಭಾನುವಾರ ಬೆಳಿಗ್ಗೆ ಇಲ್ಲಿಗೆ ಬನ್ನಿರಿ. ಫಿಟ್ಟರ ಸಹಿತ ನಾವು ಇರುತ್ತೇವೆ.